ಕೊಲೆಸ್ಟ್ರಾಲ್ ಮಾತ್ರೆ: ಶುರು ಮಾಡುವುದು ಹೇಗೆ, ಬಿಡದೆ ನಡೆಸುವುದು ಹೇಗೆ

'ರಿಪೋರ್ಟ್ ಸರಿಯಾಯ್ತಲ್ಲ, ಇನ್ನು ಮಾತ್ರೆ ಯಾಕೆ?' ಮಡಿಕೇರಿ ಕಡೆ ಈ ಮಾತು ಬಹಳ ಸಲ ಕೇಳಿದ್ದೇನೆ. ನಮ್ಮ ಮಾವನೂ ಹಾಗೆಯೇ ಬಿಟ್ಟರು. ಮೂರು ತಿಂಗಳಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮತ್ತೆ ಮೊದಲಿನಷ್ಟೇ ಆಯಿತು. ಅದು ಇಳಿದದ್ದೇ ಮಾತ್ರೆಯಿಂದ, ಅಲ್ವಾ?

ಕೊಲೆಸ್ಟ್ರಾಲ್‌ ಊಟದಿಂದ ಮಾತ್ರ ಬರುವುದಲ್ಲ, ಲಿವರ್ ಕೂಡ ತಯಾರಿಸುತ್ತದೆ. ಸ್ಟಾಟಿನ್ ಎಂಬ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ ಆ ತಯಾರಿಯನ್ನು ತಗ್ಗಿಸುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಡೋಸ್‌ಗೆ ತಕ್ಕಂತೆ ಶೇ 30ರಿಂದ 50ರಷ್ಟು ಇಳಿಯಬಹುದು. ಮಾತ್ರೆ ನಿಲ್ಲಿಸಿದರೆ ಲಿವರ್ ಹಳೇ ಲೆಕ್ಕಕ್ಕೆ ಮರಳುತ್ತದೆ.

ಮೊದಲು ಲಿಪಿಡ್ ಪ್ರೊಫೈಲ್ ಎಂಬ ಕೊಲೆಸ್ಟ್ರಾಲ್ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಲಿವರ್ ತೊಂದರೆ, ಮನೆಯವರ ಹೃದ್ರೋಗ, ಈಗ ನುಂಗುತ್ತಿರುವ ಮಾತ್ರೆಗಳು, ಎಲ್ಲವನ್ನೂ ವೈದ್ಯರಿಗೆ ಹೇಳಿ. ಬಸುರಿಯಾದರೆ ಅಥವಾ ಆಗುವ ಯೋಚನೆ ಇದ್ದರೆ ಅದನ್ನೂ ತಪ್ಪದೆ ತಿಳಿಸಿ.

ಸ್ಟಾಟಿನ್‌ಗಳಲ್ಲಿ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿಗಾದರೂ ಸರಿ, ದಿನವೂ ಅದೇ ಹೊತ್ತಿಗೆ ಇರಲಿ. ಸಿಮ್ವಾಸ್ಟಾಟಿನ್ ಆದರೆ ರಾತ್ರಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಮೈಕೈ ನೋವಿನ ವಿಷಯದಲ್ಲಿ ನಮ್ಮೂರಲ್ಲಿ ಗೊಂದಲ ಜಾಸ್ತಿ. ಕಾಫಿ ಕೊಯ್ಲಿನಲ್ಲಿ ಚೀಲ ಹೊತ್ತರೆ ಭುಜ ನೋಯುವುದು ಸಹಜ. ಆದರೆ ಯಾವ ಕೆಲಸವನ್ನೂ ಮಾಡದೆ ಎರಡೂ ತೊಡೆ, ಎರಡೂ ಭುಜ ನೋಯುತ್ತಿದ್ದರೆ ವೈದ್ಯರನ್ನು ಕಾಣಿ. ಮಾತ್ರೆ ಬದಲಿಸಬಹುದು, ಡೋಸ್ ಇಳಿಸಬಹುದು. ನೀವೇ ಸುಮ್ನೆ ನಿಲ್ಲಿಸಬೇಡಿ. ನೋವಿನ ಜೊತೆ ಮೂತ್ರ ಕಪ್ಪು ಚಹಾದಂತೆ ಬಂದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ತೋಟದ ಚಕ್ಕೋತ ತಿನ್ನುವವರು ಅದನ್ನೂ ವೈದ್ಯರ ಕಿವಿಗೆ ಹಾಕಿ. ಗ್ರೇಪ್‌ಫ್ರೂಟ್ ಜಾತಿಯ ಹಣ್ಣುಗಳು ಕೆಲವು ಸ್ಟಾಟಿನ್‌ಗಳನ್ನು ರಕ್ತದಲ್ಲಿ ಹೆಚ್ಚಿಸಬಹುದು.

ಇನ್ನು ನಮ್ಮ ಬೆಲ್ಲದ ಕಾಫಿ. ಪುಡಿ ಹಾಕಿ ಕುದಿಸಿದರೆ ಕಾಫಿಯ ಎಣ್ಣೆಯಂಶ ಲೋಟಕ್ಕೆ ಇಳಿಯುತ್ತದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್‌ನಲ್ಲಿ ಸೋಸಿದರೆ ಬಹುಪಾಲು ಅಲ್ಲೇ ಉಳಿಯುತ್ತದೆ. ಕೈಲ್‌ಪೋದ್ ಹಬ್ಬದ ದಿನದ ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಿ ಎಂದು ನಾನು ಹೇಳಲಾರೆ. ವಾರವಾರವೂ ಕೊಬ್ಬಿನ ತುಂಡೇ ಬೇಕೆಂಬ ಹಟ ಮಾತ್ರ ಬೇಡ.

ಮಳೆಗಾಲದಲ್ಲಿ ದಾರಿ ಕಟ್ಟಿ ಪೇಟೆಗೆ ಹೋಗಲಾಗದ ದಿನಗಳು ಬರುತ್ತವೆ. ಜೂನ್‌ಗೆ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಸ್ಟ್ರಿಪ್‌ನಿಂದ ಮೊದಲೇ ಬಿಡಿಸಿಡಬೇಡಿ, ತೇವ ಹಿಡಿಯುತ್ತದೆ.