ಐಗನ್ ಮೌಲ್ಯಗಳು ಕೂಡುವಲ್ಲಿ ನಾನು ಲೆಕ್ಕ ಮಾಡುವ ಬಗೆ

ಕಂಪನದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಡ್ಯಾಂಪಿಂಗನ್ನು (ತೂಗಾಟವನ್ನು ತಗ್ಗಿಸುವ ಪ್ರತಿರೋಧವನ್ನು) ಸ್ವಲ್ಪಸ್ವಲ್ಪವೇ ಬದಲಿಸುತ್ತ ಹೋದರೆ ಮ್ಯಾಟ್ರಿಕ್ಸ್ ನಯವಾಗಿಯೇ ಬದಲಾಗುತ್ತದೆ. ಕೆಲವು ವೆಕ್ಟರುಗಳನ್ನು (ಐಗನ್ ವೆಕ್ಟರುಗಳನ್ನು) ಮ್ಯಾಟ್ರಿಕ್ಸ್ ಬರೀ ಒಂದು ಸಂಖ್ಯೆಯಿಂದ ಗುಣಿಸುತ್ತದೆ, ಆ ಸಂಖ್ಯೆಯೇ ಐಗನ್ ಮೌಲ್ಯ. ಇವನ್ನು ಕರ್ಣದ ಮೇಲಿಟ್ಟು ಬರೆದ ಅತಿ ಸರಳ ರೂಪವಾದ ಜೋರ್ಡಾನ್ ರೂಪ ಹಾಗಲ್ಲ, ಎರಡು ಐಗನ್ ಮೌಲ್ಯಗಳು ಕೂಡುವಲ್ಲಿ ಥಟ್ಟನೆ ಬೇರೆಯದೇ ಆಗಿಬಿಡುತ್ತದೆ.

ಸ್ಪ್ರಿಂಗಿಗೆ ಕಟ್ಟಿದ ದ್ರವ್ಯರಾಶಿ 1, ಡ್ಯಾಂಪಿಂಗ್ ಚ, ಸ್ಪ್ರಿಂಗ್ ಸ್ಥಿರಾಂಕ ಕ ಎನ್ನಿ. ಸ್ಥಾನ, ವೇಗ ಎರಡೂ ಹೇಗೆ ಬದಲಾಗುತ್ತವೆ ಎಂದು ಒಂದು ಮ್ಯಾಟ್ರಿಕ್ಸ್ ಹೇಳುತ್ತದೆ. ಮ್ಯಾಟ್ರಿಕ್ಸ್‌ನ ಮೊದಲ ಸಾಲು (0, 1), ಎರಡನೆಯದು (−ಕ, −ಚ). ಕ = 1, ಚ = 2 ಇದ್ದಾಗ ಐಗನ್ ಮೌಲ್ಯ ಎರಡೂ −1. ಚ 2.0002 ಆಯಿತೆಂದರೆ ಅವು ಆಚೆಗೊಂದು ಈಚೆಗೊಂದು ಸುಮಾರು 0.014ರಷ್ಟು ಸರಿಯುತ್ತವೆ. 0.0002ರ ಬದಲಾವಣೆಗೆ ಇಷ್ಟು! ಐಗನ್ ಮೌಲ್ಯದ ಸೂತ್ರದಲ್ಲಿರುವ ವರ್ಗಮೂಲದ ಕೆಲಸ ಇದು. ಐಗನ್ ವೆಕ್ಟರುಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೀಳುವುದರಿಂದ ಅವುಗಳ ಮ್ಯಾಟ್ರಿಕ್ಸ್‌ನ ವಿಲೋಮದಲ್ಲಿ ದೊಡ್ಡ ಸಂಖ್ಯೆಗಳು ಬಂದು ನಿಖರತೆ ಸೋರಿಹೋಗುತ್ತದೆ.

ರಷ್ಯಾದ ಗಣಿತಜ್ಞ ವಿ. ಐ. ಆರ್ನಾಲ್ಡ್ 1971ರ ಪ್ರಬಂಧದಲ್ಲಿ ಎತ್ತಿಕೊಂಡ ಪ್ರಶ್ನೆ ನನಗೆ ಬಹಳ ಇಷ್ಟ. ಒಂದೇ ಮ್ಯಾಟ್ರಿಕ್ಸನ್ನಲ್ಲ, ಪ್ಯಾರಾಮೀಟರಿನ ಜೊತೆ ಬದಲಾಗುವ ಇಡೀ ಕುಟುಂಬವನ್ನು ಎಷ್ಟರಮಟ್ಟಿಗೆ ಸರಳ ಮಾಡಬಹುದು, ನಯಗೆಡದಂತೆ? 2×2 ಜೋರ್ಡಾನ್ ಖಂಡದ (ಕರ್ಣದಲ್ಲಿ ಒಂದೇ ಐಗನ್ ಮೌಲ್ಯ ಎರಡು ಸಲ, ಅದರ ಮೇಲೆ 1, ಕೆಳಗೆ 0) ಆಸುಪಾಸಿನಲ್ಲಿ ನಾನು ಬಳಸುವ ಉತ್ತರ: ಮೊದಲ ಸಾಲು (ಮ್ಯೂ, 1), ಎರಡನೆಯದು (ಡೆಲ್ಟಾ, ಮ್ಯೂ). ಮ್ಯೂ, ಡೆಲ್ಟಾ ಎರಡೂ ಪ್ಯಾರಾಮೀಟರಿನ ಜೊತೆ ನಯವಾಗಿ ಬದಲಾಗುವ ಸಂಖ್ಯೆಗಳು.

ಸ್ಪ್ರಿಂಗಿನ ಲೆಕ್ಕವನ್ನು ಈ ರೂಪಕ್ಕೆ ತರಲು ಸ್ಥಾನವನ್ನು ಹಾಗೇ ಇಟ್ಟುಕೊಂಡು, ವೇಗದ ಜಾಗದಲ್ಲಿ ‘ವೇಗ + (ಚ/2) × ಸ್ಥಾನ’ ಹಾಕುತ್ತೇನೆ. ಆಗ ಮ್ಯೂ = −ಚ/2, ಡೆಲ್ಟಾ = ಚ²/4 − ಕ. ವರ್ಗಮೂಲದ ಸುಳಿವೇ ಇಲ್ಲ, ಈ ಬದಲಾವಣೆಯ ನಿರ್ಧಾರಕವಂತೂ ಯಾವಾಗಲೂ 1. ಕರ್ಣದ ಮ್ಯೂ ತೆಗೆದರೆ ಉಳಿಯುವ ಮ್ಯಾಟ್ರಿಕ್ಸ್‌ನ ವರ್ಗ ಡೆಲ್ಟಾ ಪಟ್ಟು ಏಕಕ ಮ್ಯಾಟ್ರಿಕ್ಸ್ (ಕರ್ಣದಲ್ಲಿ 1, ಉಳಿದೆಡೆ 0). ಹಾಗಾಗಿ ಕಾಲ ಟ ಆದಾಗಿನ ಪರಿಹಾರಕ್ಕೆ, ಘಾತೀಯ ಅಂಶದ (e ಘಾತ ಮ್ಯೂ·ಟ) ಜೊತೆಗೆ, ಎರಡೇ ಶ್ರೇಣಿ ಬೇಕು: 1 + ಡೆಲ್ಟಾ·ಟ²/2 + ಡೆಲ್ಟಾ²·ಟ⁴/24 + … ಮತ್ತು ಟ + ಡೆಲ್ಟಾ·ಟ³/6 + …. ಡೆಲ್ಟಾ ಋಣವಾದರೆ ತೂಗಾಟ, ಧನವಾದರೆ ತೂಗದೆ ಇಳಿಕೆ, ಸೊನ್ನೆಯಾದರೆ ಎರಡರ ಗಡಿಯಾದ ಕ್ರಿಟಿಕಲ್ ಡ್ಯಾಂಪಿಂಗ್. ಮೂರಕ್ಕೂ ಸೂತ್ರ ಒಂದೇ. ಡೆಲ್ಟಾ·ಟ² ಚಿಕ್ಕದಿದ್ದರೆ ಕೆಲವೇ ಪದ ಸಾಕು, ದೊಡ್ಡದಾದರೆ ಮಾಮೂಲಿ ಸೈನ್, ಕೊಸೈನ್ ಅಥವಾ ಅವುಗಳ ಹೈಪರ್ಬಾಲಿಕ್ ರೂಪ.

ದೊಡ್ಡ ಮ್ಯಾಟ್ರಿಕ್ಸ್ ಬಂದರೆ ಹತ್ತಿರಹತ್ತಿರ ಇರುವ ಐಗನ್ ಮೌಲ್ಯಗಳನ್ನು ಒಂದೊಂದು ಗುಂಪು ಮಾಡುತ್ತೇನೆ. ಗುಂಪುಗಳ ನಡುವೆ ಅಂತರ ಇರುವಷ್ಟು ಕಾಲ ಈ ವಿಭಜನೆ ನಯವಾಗಿರುತ್ತದೆ. ಗುಂಪಿನ ಒಳಗೆ ಮಾತ್ರ ಕರ್ಣೀಕರಣಕ್ಕೆ (ಕರ್ಣದ ಮೇಲೆ ಮಾತ್ರ ಸಂಖ್ಯೆ ಉಳಿಯುವಂತೆ ಮಾಡುವುದಕ್ಕೆ) ಕೈ ಹಾಕುವುದಿಲ್ಲ. 2×2 ಗುಂಪು ಏಕಕ ಮ್ಯಾಟ್ರಿಕ್ಸ್‌ನ ಒಂದಿಷ್ಟು ಪಟ್ಟೇ ಆಗಿಬಿಟ್ಟರೆ ಆರ್ನಾಲ್ಡ್ ಲೆಕ್ಕದ ಪ್ರಕಾರ ನಾಲ್ಕು ಪ್ಯಾರಾಮೀಟರ್ ಬೇಕು, ಅಂದರೆ ಸರಳಗೊಳಿಸಲು ಏನೂ ಉಳಿದಿಲ್ಲ. ಅಲ್ಲಿ ನಾಲ್ಕೂ ಅಂಶಗಳನ್ನು ಇದ್ದ ಹಾಗೇ ಇಟ್ಟು ಮುಂದಿನ ಲೆಕ್ಕಕ್ಕೆ ಹೋಗುತ್ತೇನೆ.