ನಲವತ್ತು ದಾಟಿದ ಮೇಲೆ ಸೈಕಲ್ ಮತ್ತು ಈಜು: ನಾನು ಕಲಿತ ಕ್ರಮ

ಸೈಕಲ್ ತುಳಿಯುವುದನ್ನೂ ಈಜುವುದನ್ನೂ ಒಮ್ಮೆ ಕಲಿತರೆ ಜನ್ಮವಿಡೀ ಮರೆಯುವುದಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅದು ನಿಜವೂ ಹೌದು. ಆದರೆ ಹಾಗೆನ್ನುವವರು ಬಹುಮಟ್ಟಿಗೆ ಇವೆರಡನ್ನೂ ಹತ್ತು ಹನ್ನೆರಡು ವರ್ಷದೊಳಗೆ ಕಲಿತು ಮುಗಿಸಿದವರು; ಎದುರಿಗಿರುವವರಿಗೂ ಇವು ಬಂದೇ ಬರುತ್ತವೆಂದು ತಿಳಿದವರು. ವಾಸ್ತವ ಹಾಗಿಲ್ಲ. ಲಾಯ್ಡ್ಸ್ ರಿಜಿಸ್ಟರ್ ಫೌಂಡೇಶನ್ 2019ರಲ್ಲಿ ಗ್ಯಾಲಪ್ ಸಂಸ್ಥೆಯ ಮೂಲಕ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ, 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ನೆರವೂ ಇಲ್ಲದೆ ಈಜಲಾರದವರಾಗಿದ್ದರು. ಹೆಂಗಸರಲ್ಲಂತೂ ಮೂವರಲ್ಲಿ ಇಬ್ಬರಿಗೆ ಈಜು ಬರುತ್ತಿರಲಿಲ್ಲ. ಸೈಕಲ್ಲಿನ ವಿಷಯದಲ್ಲಿ, ನಮ್ಮ 2011ರ ಜನಗಣತಿಯ ಪ್ರಕಾರ ದೇಶದ ಸುಮಾರು ಶೇ. 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಮನೆಯಲ್ಲಿ ಸೈಕಲ್ ಇರುವುದಕ್ಕೂ ಮನೆಯ ಹೆಣ್ಣುಮಗಳು ಅದನ್ನು ತುಳಿಯುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಗಣತಿ ಹೇಳುವುದಿಲ್ಲ. ಅದು ನಮಗೆ ಗೊತ್ತೇ ಇದೆ.

ನಾನು ಹುಟ್ಟಿ ಬೆಳೆದದ್ದು ಮಂಡ್ಯ ಸೀಮೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರಿನಲ್ಲಿ. ನೀರಿಗೆ ಬರವಿರಲಿಲ್ಲ. ಅಣ್ಣಂದಿರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತು, ಬುರುಡೆ ಬಿಟ್ಟ ಮೇಲೆ ನಾಲೆಯ ಸೇತುವೆಯಿಂದ ನೀರಿಗೆ ಹಾರುತ್ತಿದ್ದರು. ನಾವು ಹುಡುಗಿಯರು ಅದೇ ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವ ಅವಕಾಶವೂ ಗಂಡುಹುಡುಗರದ್ದೇ. ಯಾರೂ ನಮ್ಮನ್ನು ಗದರಿ ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ, ಅಷ್ಟೇ. ಮುಂದೆ ಓದು, ಮದುವೆ, ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಇವುಗಳ ನಡುವೆ ಇದೊಂದು ಕೊರತೆ ಎಂದೂ ಅನ್ನಿಸಿರಲಿಲ್ಲ. ನಲವತ್ತು ದಾಟಿದ ಮೇಲೆ ಮಂಡಿನೋವು ಶುರುವಾಗಿ, ನಡಿಗೆ ಕಡಿಮೆ ಮಾಡಿ ಈಜಿ ಅಥವಾ ಸೈಕಲ್ ತುಳಿಯಿರಿ ಎಂದು ವೈದ್ಯರು ಸಲಹೆ ಕೊಟ್ಟಾಗ, ಎರಡೂ ಬಾರದೆಂದು ಹೇಳಬೇಕಾಗಿ ಬಂದದ್ದೇ ಈ ಕಲಿಕೆಗೆ ಕಾರಣ.

ಎರಡನ್ನೂ ಕಲಿತ ಮೇಲೆ ನನಗೆ ಸ್ಪಷ್ಟವಾದ ಸಂಗತಿಯೊಂದಿದೆ. ಈ ಎರಡು ವಿದ್ಯೆಗಳಲ್ಲೂ ಮೈಯನ್ನು ತಡೆದು ನಿಲ್ಲಿಸುವ ಕೆಲಸ ಬೇರೆ, ಮುಂದಕ್ಕೆ ಸಾಗಿಸುವ ಕೆಲಸ ಬೇರೆ. ಸೈಕಲ್ಲಿನಲ್ಲಿ ಮೊದಲನೆಯದು ಸಮತೋಲ, ಎರಡನೆಯದು ಪೆಡಲು. ಈಜಿನಲ್ಲಿ ಮೊದಲನೆಯದು ತೇಲುವುದು, ಎರಡನೆಯದು ಕೈಕಾಲು ಬಡಿಯುವುದು. ಮಕ್ಕಳಿಗೆ ಹಳ್ಳಿಯ ಪದ್ಧತಿಯೇ ಇವನ್ನು ಬೇರ್ಪಡಿಸಿ ಕೊಡುತ್ತಿತ್ತು: ತೇಲಿಸುವ ಹೊಣೆಯನ್ನು ಬುರುಡೆ ಹೊರುತ್ತಿದ್ದುದರಿಂದ ಹುಡುಗ ಕೈಕಾಲು ಆಡಿಸುವುದನ್ನಷ್ಟೇ ಕಲಿಯುತ್ತಿದ್ದ, ಆಮೇಲೆ ಬುರುಡೆಯನ್ನು ಕಳಚಿಡುತ್ತಿದ್ದ. ವಯಸ್ಕರಿಗಾದರೋ ಎರಡನ್ನೂ ಒಟ್ಟಿಗೆ ಹೇರುತ್ತಾರೆ. ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಾ ‘ತುಳಿ, ತುಳಿ’ ಎನ್ನುತ್ತಾರೆ. ಕೊಳದ ಕಂಬಿ ಹಿಡಿಸಿ ‘ಕಿಕ್ ಮಾಡಿ’ ಎನ್ನುತ್ತಾರೆ. ಬೀಳುವ ಭಯ, ಮುಳುಗುವ ಭಯ ತೀರುವ ಮೊದಲೇ ವೇಗ ಹುಟ್ಟಿಸುವ ಕೆಲಸ ಶುರುವಾದರೆ ದೊಡ್ಡವರ ಮೈ ಸೆಟೆದುಕೊಳ್ಳುತ್ತದೆ. ಹೀಗಾಗಿ ನಾನು ಎರಡರಲ್ಲೂ ತಡೆದು ನಿಲ್ಲುವುದನ್ನು ಮೊದಲು, ಸಾಗುವುದನ್ನು ಆಮೇಲೆ ಇಟ್ಟುಕೊಂಡೆ.

ಸೈಕಲ್ ನನ್ನ ತಂಗಿಯ ಮಗಳದ್ದು. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಆರಂಭವಾಯಿತಲ್ಲ, ಅದರಲ್ಲಿ ಅವಳಿಗೆ ಬಂದದ್ದು. ಆ ಯೋಜನೆಯ ಬಗ್ಗೆ ಯಾರು ಏನೇ ಟೀಕೆ ಮಾಡಲಿ, ನನ್ನ ತಲೆಮಾರಿನ ಹಳ್ಳಿಯ ಹುಡುಗಿಯರಿಗೂ ನಂತರದವರಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ತಂದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ನೆರೆಯ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿಯೇ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ ಕಲಿತಿದ್ದರು. ಕೃಷಿ ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಮಕ್ಕಳ ತಾಯಂದಿರು. ವಯಸ್ಸಾದ ಮೇಲೆ ಇದು ಬರುವುದಿಲ್ಲ ಎಂಬ ವಾದಕ್ಕೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಮೊದಲ ಕೆಲಸವಾಗಿ ಸೈಕಲ್ಲನ್ನು ಅಂಗಡಿಗೆ ಒಯ್ದು ಎರಡೂ ಪೆಡಲು ಬಿಚ್ಚಿಸಿದೆ. ‘ಪೆಡ್ಲಿಲ್ದೆ ಸೈಕಲ್ಲು ಹೆಂಗಕ್ಕ ಓಡುತ್ತೆ?’ ಎಂದು ಅಂಗಡಿಯವರು ನಕ್ಕರು. ಮನೆಯಲ್ಲೇ ಬಿಚ್ಚುವವರು ಒಂದು ವಿಷಯ ತಿಳಿದಿರಬೇಕು: ಬಲಗಡೆಯ ಪೆಡಲು ಎಲ್ಲ ತಿರುಪುಗಳಂತೆ ಎಡಕ್ಕೆ ತಿರುಗಿಸಿದರೆ ಸಡಿಲಗೊಳ್ಳುತ್ತದೆ, ಎಡಗಡೆಯದರ ತಿರುಪು ಉಲ್ಟಾ, ಅದನ್ನು ಬಲಕ್ಕೆ ತಿರುಗಿಸಬೇಕು, ಇದು ಗೊತ್ತಿಲ್ಲದೆ ಬಲ ಹಾಕಿದರೆ ಮರೆ ಸವೆದುಹೋಗುತ್ತದೆ. ಆಮೇಲೆ, ಕೂತಾಗ ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರುವಷ್ಟು ಸೀಟನ್ನು ಇಳಿಸಿಕೊಂಡೆ. ಹುಚ್ಚಾಟದಂತೆ ಕಾಣುವ ಈ ವ್ಯವಸ್ಥೆಯೇ ವಾಸ್ತವವಾಗಿ ಸೈಕಲ್ಲಿನ ಮೂಲರೂಪ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಮೊದಲ ದ್ವಿಚಕ್ರ ವಾಹನಕ್ಕೆ ಪೆಡಲು ಇರಲಿಲ್ಲ; ಕೂತು ಕಾಲಿನಿಂದ ನೆಲವನ್ನು ಒದ್ದುಕೊಂಡು ಹೋಗಬೇಕಿತ್ತು. ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಹಾಕಿದ್ದು 1860ರ ದಶಕದಲ್ಲಿ.

ನಮ್ಮ ಬಡಾವಣೆಯಲ್ಲಿ ಇನ್ನೂ ಮನೆಗಳೇಳದ ಒಂದು ರಸ್ತೆಯಿದೆ, ಸ್ವಲ್ಪವೇ ಇಳಿಜಾರು. ಬೆಳಗಿನ ಹೊತ್ತು ಅಲ್ಲಿ ಕೂತುಕೊಂಡೇ ನಡೆಯುವುದು, ನಡಿಗೆ ಬಲಗೊಂಡಂತೆ ಹೆಜ್ಜೆ ಉದ್ದವಾಗುವುದು, ಕೊನೆಗೆ ಎರಡೂ ಕಾಲು ಎತ್ತಿ ಜಾರುವುದು, ಇಷ್ಟೇ ಅಭ್ಯಾಸ. ಮೊದಲ ದಿನದಿಂದಲೇ ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತಿ ನಿಲ್ಲುವುದನ್ನೂ ಸೇರಿಸಿಕೊಂಡಿದ್ದೆ, ಏಕೆಂದರೆ ನಿಲ್ಲಿಸಲು ಬರುತ್ತದೆಂಬ ಧೈರ್ಯವೇ ಕಾಲು ಎತ್ತಲು ಬೇಕಾದ ಧೈರ್ಯ. ತಂಗಿಯ ಮಗಳು ಪಕ್ಕದಲ್ಲಿ ನಡೆಯುತ್ತಾ ಹೇಳುತ್ತಿದ್ದುದು ಒಂದೇ ಮಾತು: ‘ದೊಡ್ಡಮ್ಮ, ಚಕ್ರ ನೋಡಬೇಡ, ದೂರದ ಕಂಬ ನೋಡು.’ ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೇ ತಿರುಗಿಸಬೇಕು. ಬೀಳುವ ದಿಕ್ಕಿಗೆ ಚಕ್ರವನ್ನು ಒಯ್ದರೆ ಅದು ಮತ್ತೆ ಮೈಯ ಅಡಿಗೆ ಬಂದು ನಿಲ್ಲುತ್ತದೆ. ಹೆದರಿದ ಕೈ ಇದಕ್ಕೆ ತದ್ವಿರುದ್ಧವಾಗಿ, ಬೀಳುವ ಬದಿಯಿಂದ ದೂರಕ್ಕೆ ಎಳೆಯುತ್ತದೆ. ಸೈಕಲ್ ಬೀಳದಿರುವುದು ಚಕ್ರಗಳು ಬುಗುರಿಯಂತೆ ತಿರುಗುವುದರಿಂದ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಆ ಪರಿಣಾಮವನ್ನು ಕಳೆದುಹಾಕಿ ತಯಾರಿಸಿದ ಸೈಕಲ್ಲೊಂದು ಸವಾರನಿಲ್ಲದೆಯೂ ತಾನಾಗಿ ನೆಟ್ಟಗೆ ಸಾಗಬಲ್ಲದೆಂದು 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ತೋರಿಸಿದರು. ಬೀಳುವ ಕಡೆಗೆ ಹ್ಯಾಂಡಲ್ ತಾನೇ ತಿರುಗುವುದು ಅಲ್ಲಿನ ಮುಖ್ಯ ಅಂಶ. ಹಾಗಾಗಿ ಕಲಿಯುವವರು ಹ್ಯಾಂಡಲ್ಲನ್ನು ಬಿಗಿಹಿಡಿದಷ್ಟೂ ಸೈಕಲ್ಲಿಗೆ ತಾನಾಗಿ ಬರುವ ಕೆಲಸವನ್ನು ತಡೆದಂತಾಗುತ್ತದೆ.

ಕಾಲೆತ್ತಿ ಉದ್ದಕ್ಕೆ ಜಾರಲು ಬಂದ ಮೇಲೆ ಪೆಡಲು ಹಾಕಿಸಿದೆ. ಬಲ ಪೆಡಲನ್ನು ಗಡಿಯಾರದಲ್ಲಿ ಎರಡು ಗಂಟೆ ಇರುವ ಜಾಗಕ್ಕೆ ತಂದು, ಅದನ್ನು ಒತ್ತುತ್ತಲೇ ಎಡಗಾಲು ಎತ್ತಿಕೊಂಡರೆ ಹೊರಡುವುದು ಸಲೀಸು. ಪೆಡಲು ತುಳಿಯುವುದು ನಿರೀಕ್ಷೆಗಿಂತ ಬಹಳ ಸುಲಭವಾಗಿ ಬಂತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಮತೋಲ ಗಟ್ಟಿಯಾದಂತೆ ಸೀಟನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು, ತಗ್ಗು ಸೀಟಿನಲ್ಲಿ ಬಹಳ ದಿನ ತುಳಿದರೆ ಮಂಡಿಗೆ ತೊಂದರೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟುವುದು, ಚೈನಿಗೆ ಪೂರ್ತಿ ಮುಚ್ಚಿಗೆ ಇರುವ ಸೈಕಲ್ಲನ್ನೇ ಬಳಸುವುದು ಹೆಂಗಸರಿಗೆ ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ಈಜಿಗೆ ಮಹಿಳೆಯರ ಪ್ರತ್ಯೇಕ ಬ್ಯಾಚ್ ಇರುವ ಈಜುಕೊಳಕ್ಕೆ ಸೇರಿದೆ. ಎದೆಮಟ್ಟದ ನೀರಿನಲ್ಲಿ ನಿಂತ ನಮ್ಮ ಗುಂಪಿನಲ್ಲಿ ಬ್ಯಾಂಕಿನವರು, ಗೃಹಿಣಿಯರು, ನಿವೃತ್ತರಾದ ಒಬ್ಬ ಶಿಕ್ಷಕಿ ಇದ್ದರು; ಯಾರಿಗೂ ನೀರಿನೊಳಗೆ ಮುಖವಿಟ್ಟ ಅಭ್ಯಾಸವಿರಲಿಲ್ಲ. ಕೋಚ್ ಕಿಕ್ಕಿನಿಂದ ಆರಂಭಿಸುವವರಿದ್ದರು, ನಾನು ಮೊದಲು ತೇಲುವುದನ್ನು ಕಲಿಸಿ ಎಂದು ಕೇಳಿಕೊಂಡೆ. ‘ಆಯ್ತು ಮೇಡಂ, ಹಾಗಾದ್ರೆ ಮೊದಲು ಉಸಿರು’ ಎಂದರು. ಮುಖವನ್ನು ನೀರಿಗಿಟ್ಟು, ಬಾಯಿ ಮುಚ್ಚಿ ‘ಹ್ಮ್’ ಎಂದು ಗುನುಗುತ್ತಾ ಮೂಗಿನಿಂದ ಗುಳ್ಳೆ ಬಿಡುವುದು ಮೊದಲ ಪಾಠ. ಗುನುಗುತ್ತಿರುವಷ್ಟು ಹೊತ್ತು ಮೂಗಿಗೆ ನೀರು ಏರುವುದಿಲ್ಲ. ನೀರಿನೊಳಗೆ ಉಸಿರುಕಟ್ಟಿದಂತಾಗುವುದು ಮುಖ್ಯವಾಗಿ ಪ್ರಾಣವಾಯು ಮುಗಿದು ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ; ಒಳಗಿನ ಗಾಳಿಯನ್ನು ಬಿಗಿಹಿಡಿದು ನಿಂತವರಿಗೆ ಗಾಬರಿ ಬೇಗ ಬರುತ್ತದೆ, ನಿಧಾನವಾಗಿ ಬಿಡುತ್ತಿರುವವರಿಗೆ ತಡವಾಗಿ ಬರುತ್ತದೆ.

ಎರಡನೆಯ ಪಾಠವೇ ನನಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು. ಎದೆ ತುಂಬ ಗಾಳಿ ಎಳೆದುಕೊಂಡು, ಮಂಡಿಗಳನ್ನು ಎದೆಗೆ ಅವಚಿಕೊಂಡು ಕೊಳದ ತಳದಲ್ಲಿ ಕೂರಲು ಪ್ರಯತ್ನಿಸಿ ಎಂದರು. ಕೂರಲಾಗಲಿಲ್ಲ, ಬೆನ್ನು ತಾನಾಗಿ ಮೇಲೆದ್ದು ಬಂತು. ಗಾಳಿಯನ್ನೆಲ್ಲ ಬಿಟ್ಟು ಪ್ರಯತ್ನಿಸಿದಾಗ ಮೆಲ್ಲಗೆ ತಳ ಸೇರಿದೆ. ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ, ಶ್ವಾಸಕೋಶದ ಗಾಳಿಯಷ್ಟೇ ತಕ್ಕಡಿಯನ್ನು ಅತ್ತಿತ್ತ ವಾಲಿಸುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದಕ್ಕೂ, ಮುಳುಗಬೇಕೆಂದರೂ ಮುಳುಗಲಾಗದೆ ಮೇಲೆ ಬಂದದ್ದಕ್ಕೂ ಬಹಳ ವ್ಯತ್ಯಾಸವಿದೆ. ಮೈಯಲ್ಲಿ ಕೊಬ್ಬಿನ ಅಂಶ ಹೆಚ್ಚಿದ್ದಷ್ಟೂ ತೇಲುವುದು ಸುಲಭ, ಆದ್ದರಿಂದ ಈ ಒಂದು ವಿಷಯದಲ್ಲಿ ನಡುವಯಸ್ಸಿನ ಹೆಂಗಸರಾದ ನಮಗೆ ತೆಳ್ಳಗಿನ ಹುಡುಗರಿಗಿಂತ ಅನುಕೂಲವೇ ಇತ್ತು!

ಇದರ ಜೊತೆಗೇ, ತೇಲುತ್ತಿರುವ ಸ್ಥಿತಿಯಿಂದ ಎದ್ದು ನಿಲ್ಲುವುದನ್ನು ಪ್ರತ್ಯೇಕವಾಗಿ ಕಲಿಯಬೇಕು. ಅನೇಕ ಕಡೆ ಇದನ್ನು ಹೇಳಿಕೊಡುವುದೇ ಇಲ್ಲ, ಆದರೆ ಭಯದ ಅರ್ಧ ಭಾಗ ಇರುವುದೇ ಇಲ್ಲಿ. ಮಗುಚಿ ತೇಲುತ್ತಿರುವಾಗ ಮಂಡಿಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳಬೇಕು, ಚಾಚಿದ ಎರಡೂ ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತಬೇಕು, ಪಾದಗಳು ತಳಕ್ಕೆ ತಗುಲಿದ ಮೇಲೆಯೇ ತಲೆ ಎತ್ತಬೇಕು. ತಲೆಯನ್ನು ಮೊದಲು ಎತ್ತಿದರೆ ಕಾಲು ಹಿಂದಕ್ಕೆ ಜಾರಿ ಒದ್ದಾಟ ಶುರುವಾಗುತ್ತದೆ. ಈ ಕ್ರಮ ಕೈವಶವಾದ ದಿನದಿಂದ ಕೊಳದ ಕಂಬಿಯ ಮೇಲೆ ನನ್ನ ಹಿಡಿತ ಸಡಿಲವಾಯಿತು. ಆಮೇಲೆ ಗೋಡೆಯನ್ನು ಒದ್ದು ಜಾರುವುದು, ತೊಡೆಯ ಸಂದಿನಿಂದ ಕಾಲಾಡಿಸುವುದು, ಕೈ ಸೇರಿಸುವುದು ಒಂದರ ಹಿಂದೊಂದು ಬಂದವು. ಪಕ್ಕಕ್ಕೆ ತಿರುಗಿ ಉಸಿರೆಳೆದುಕೊಳ್ಳುವುದು ಮಾತ್ರ ಉಳಿದೆಲ್ಲದಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿತು. ಗಾಳಿಗಾಗಿ ತಲೆಯನ್ನು ಮುಂದಕ್ಕೆ ಎತ್ತಿದರೆ ಕಾಲು ಮುಳುಗುತ್ತದೆ. ಒಂದು ಕಿವಿ ನೀರಿನಲ್ಲೇ ಇರುವಂತೆ ಮುಖವನ್ನು ಹೊರಳಿಸಬೇಕು, ಮತ್ತು ಹೊರಳಿಸುವ ಮೊದಲೇ ಉಸಿರನ್ನು ನೀರಿನೊಳಗೆ ಬಿಟ್ಟು ಮುಗಿಸಿರಬೇಕು.

ಈಗ ನಿನಗೆ ಈಜು ಬರುತ್ತದೆಯೇ ಎಂದು ಕೇಳಿದರೆ, ಬರುತ್ತದೆ ಎನ್ನಲು ಒಂದು ಅಳತೆ ಬೇಕಾಗುತ್ತದೆ. ಅಮೆರಿಕದ ರೆಡ್ ಕ್ರಾಸ್ ಹೇಳುವ ಅಳತೆ ನನಗೆ ಒಪ್ಪಿಗೆಯಾಗಿದೆ: ತಲೆಗಿಂತ ಆಳದ ನೀರಿಗೆ ಇಳಿದು ಮೇಲೆ ಬರಬೇಕು, ಒಂದು ನಿಮಿಷ ತೇಲುತ್ತಲೋ ನಿಂತಲ್ಲೇ ಕಾಲಾಡಿಸುತ್ತಲೋ ಇರಬೇಕು, ಸುತ್ತ ತಿರುಗಿ ದಡ ಎಲ್ಲಿದೆಯೆಂದು ನೋಡಿಕೊಳ್ಳಬೇಕು, 25 ಗಜ ಸಾಗಬೇಕು, ಏಣಿಯ ನೆರವಿಲ್ಲದೆ ಹೊರಬರಬೇಕು. ನಾನು ಇದರಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನು ಮಾಡಬಲ್ಲೆ. ಕೈಯ ಬಲದಿಂದ ಕೊಳದ ಅಂಚನ್ನು ಹತ್ತುವುದು ಇನ್ನೂ ಆಗಿಲ್ಲ. ಸೈಕಲ್ಲಿಗೂ ಇಂಥದೇ ಅಳತೆ ಮಾಡಿಕೊಂಡಿದ್ದೇನೆ: ತಾನೇ ಹೊರಡುವುದು, ಬೇಕೆಂದಲ್ಲಿ ನಿಲ್ಲುವುದು, ಓಲಾಡದೆ ಹಿಂದಿರುಗಿ ನೋಡುವುದು, ಒಂದು ಕೈ ಬಿಟ್ಟು ತಿರುಗುವ ಸೂಚನೆ ಕೊಡುವುದು. ಇದರಲ್ಲೂ ಕೊನೆಯದು ಬಾಕಿ, ಹೀಗಾಗಿ ದೊಡ್ಡ ರಸ್ತೆಗೆ ಇನ್ನೂ ಹೋಗುವುದಿಲ್ಲ. ಕೊಳದಲ್ಲಿ ಕಲಿತ ಈಜನ್ನು ನಂಬಿ ಹೊಳೆಗೂ ಇಳಿಯುವುದಿಲ್ಲ. ಬಲಮುರಿಯಲ್ಲಿ, ಮುತ್ತತ್ತಿಯಲ್ಲಿ ಕಾವೇರಿಯ ಸೆಳೆತಕ್ಕೂ ಮಡುವಿಗೂ ಸಿಕ್ಕಿ ಹೋದವರಲ್ಲಿ ಈಜು ಬಲ್ಲವರೂ ಇದ್ದಾರೆ.

ತಂಗಿ ಈಗ ತಾನೂ ಕಲಿಯುತ್ತೇನೆಂದು ಹೊರಟಿದ್ದಾಳೆ. ಯಾವುದು ಮೊದಲು ಎಂದು ಕೇಳಿದಳು. ಸೈಕಲ್ ಮೊದಲು ಎಂದೆ, ಏಕೆಂದರೆ ಅದಕ್ಕೆ ಶುಲ್ಕವಿಲ್ಲ, ಬ್ಯಾಚಿನ ಹೊತ್ತಿಗೆ ಕಾಯಬೇಕಿಲ್ಲ, ಮನೆಯಲ್ಲೇ ಸೈಕಲ್ಲಿದೆ. ಈಜುಕೊಳಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡ, ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ತುಂಬಿರುತ್ತದೆ, ಶಾಲೆ ಶುರುವಾದ ಮೇಲೆ ಸೇರಿದರೆ ಎದೆಮಟ್ಟದ ನೀರಿನಲ್ಲಿ ಜಾಗವೂ ಸಿಗುತ್ತದೆ, ಕೋಚಿಗೆ ಪುರುಸೊತ್ತೂ ಇರುತ್ತದೆ ಎಂದು ಹೇಳಿದ್ದೇನೆ. ಪೆಡಲು ಬಿಚ್ಚಿಸಲು ಅದೇ ಅಂಗಡಿಗೆ ಹೋಗಿ ಬಂದಿದ್ದಾಳೆ.