ಸೋತ ಕಬಡ್ಡಿ ತಂಡವನ್ನು ಮಳೆಗಾಲದಲ್ಲಿ ಹೊಸದಾಗಿ ಕಟ್ಟುವುದು ಹೇಗೆ

ಕಾರಹುಣ್ಣಿಮೆ ದಾಟಿ ಬಿತ್ತನೆ ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ ಕಡೆಯ ಊರುಗಳಲ್ಲಿ ಕಬಡ್ಡಿ ಅಂಕಣಗಳು ಖಾಲಿಯಾಗುತ್ತವೆ. ಜಾತ್ರೆಗಳ ಸಾಲು ಮುಗಿದಿರುತ್ತದೆ, ಆಟಗಾರರು ಹೊಲದ ಕೆಲಸಕ್ಕೆ ಇಳಿದಿರುತ್ತಾರೆ, ಪಂದ್ಯಾವಳಿಗಳ ಕರಪತ್ರಗಳು ಮತ್ತೆ ಕೈಗೆ ಬರುವುದು ಮಹಾನವಮಿಯ ಹೊತ್ತಿಗೆ. ನಡುವಿನ ಈ ಮೂರೂವರೆ ತಿಂಗಳಲ್ಲಿ ಸಂಘದ ಆಡಳಿತ ಮಂಡಳಿ ಏನು ಮಾಡುತ್ತದೆ ಎಂಬುದರ ಮೇಲೆ ತಂಡದ ಮುಂದಿನ ಮೂರು ವರ್ಷಗಳು ನಿಂತಿರುತ್ತವೆ. ಎರಡು ಮೂರು ವರ್ಷಗಳಿಂದ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿರುವ, ಮುಖ್ಯ ಆಟಗಾರರಿಗೆ ವಯಸ್ಸಾಗಿರುವ ತಂಡವನ್ನು ಹೊಸದಾಗಿ ಕಟ್ಟಲು ಹೊರಟ ಪದಾಧಿಕಾರಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಸಂಘದಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿ ಕಂಡದ್ದೇ ಇದಕ್ಕೆ ಆಧಾರ.

ಮೊದಲು ಗೆಲ್ಲುವ ವರ್ಷವನ್ನು ಗೊತ್ತುಮಾಡಿ

ಸಾಮಾನ್ಯವಾಗಿ ಮಳೆಗಾಲದ ಮೊದಲ ಸಭೆ ಹಳೆಯ ಸೋಲಿನ ಚರ್ಚೆಯಲ್ಲೇ ಕಳೆದುಹೋಗುತ್ತದೆ. "ಕಾರ್ನರ್‌ನ್ಯಾಗ ಒಬ್ಬ ಗಟ್ಟಿ ಹುಡುಗ ಇದ್ದಿದ್ರ ಕಪ್ ನಮ್ದ ಇತ್ತು ನೋಡ್ರಿ" ಎಂದು ಹಿರಿಯರೊಬ್ಬರು ಹೇಳುತ್ತಾರೆ, ಹೊರಗಿನಿಂದ ಆ ಒಬ್ಬ ಹುಡುಗನನ್ನು ತರಲು ಹಣ ಕೂಡಿಸುವ ಮಾತು ಹೊರಡುತ್ತದೆ, ಸಭೆ ಮುಗಿಯುತ್ತದೆ. ಹೀಗೆ ತಂದ ಆಟಗಾರ ಒಂದು ಜಾತ್ರೆಯ ಮಟ್ಟಿಗೆ ಆಡಿ ಹೋದ ಮೇಲೆ ತಂಡ ಮೊದಲಿದ್ದಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ಮೊದಲ ಸಭೆಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ನಾವು ಯಾವ ವರ್ಷ ಗೆಲ್ಲಲು ತಂಡ ಕಟ್ಟುತ್ತಿದ್ದೇವೆ? ಮುಂದಿನ ಹಂಗಾಮಿಗೋ, ಮೂರನೆಯ ಹಂಗಾಮಿಗೋ? ಆ ವರ್ಷವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ದುಡ್ಡು ಕೊಡಬೇಕು, ಯಾವ ಪಂದ್ಯಾವಳಿಗೆ ಹೋಗಬೇಕು ಎಂಬ ಮುಂದಿನ ನಿರ್ಧಾರಗಳನ್ನೆಲ್ಲ ಆ ಒಂದು ವರ್ಷಕ್ಕೆ ಹೊಂದಿಸಿ ನೋಡಬೇಕಾಗುತ್ತದೆ.

ಅನಂತರ ದೊಡ್ಡ ಹಾಳೆಯೊಂದರಲ್ಲಿ ಏಳು ಸ್ಥಾನಗಳನ್ನು ಬರೆಯಿರಿ: ಸಾಲಿನ ಎರಡು ತುದಿಗಳಲ್ಲಿ ಎಡ ಮತ್ತು ಬಲ ಕಾರ್ನರ್, ಅವರ ಪಕ್ಕ ಒಳಗಡೆ ಎಡ ಮತ್ತು ಬಲ ಇನ್, ಆಮೇಲೆ ಎಡ ಮತ್ತು ಬಲ ಕವರ್, ನಡುವೆ ಸೆಂಟರ್. ಪ್ರತಿ ಸ್ಥಾನದ ಮುಂದೆ ಈಗ ಆಡುತ್ತಿರುವವನ ಹೆಸರು, ಅವನ ಇಂದಿನ ವಯಸ್ಸು, ನೀವು ಗೊತ್ತುಮಾಡಿದ ವರ್ಷದಲ್ಲಿ ಅವನಿಗಾಗುವ ವಯಸ್ಸು, ತೂಕ, ಓದು ಅಥವಾ ಉದ್ಯೋಗ, ಹಳೆಯ ಗಾಯಗಳು, ಇಷ್ಟನ್ನು ದಾಖಲಿಸಿ. ನಮ್ಮ ಸಂಘದಲ್ಲಿ ಮೊದಲ ಬಾರಿಗೆ ಇಂಥ ಹಾಳೆ ಬರೆದಾಗ ರಕ್ಷಣೆಯ ನಾಲ್ವರೂ ಗೊತ್ತುಪಡಿಸಿದ ವರ್ಷಕ್ಕೆ ಮೂವತ್ತೈದು ದಾಟುತ್ತಾರೆಂದು ತಿಳಿಯಿತು. ಆ ನಾಲ್ವರ ಜೊತೆ ಪ್ರತಿವಾರ ಆಡುತ್ತಿದ್ದ ನಮಗೆ ಅಲ್ಲಿಯವರೆಗೂ ಅದು ಹೊಳೆದಿರಲಿಲ್ಲ.

ಬೇರೆಯವರು ಮಾಡಿದ್ದು, ನಮಗೆ ಒಗ್ಗುವುದು

ಗೆಲ್ಲುವ ವರ್ಷವನ್ನು ಮುಂದಿಟ್ಟುಕೊಂಡು ತಂಡ ಕಟ್ಟುವ ಕೆಲಸವನ್ನು ಬಹಳ ವ್ಯವಸ್ಥಿತವಾಗಿ ಮಾಡಿದವರು ಅಮೆರಿಕದ ಬೇಸ್‌ಬಾಲ್ ತಂಡಗಳವರು. 1908ರ ನಂತರ ಒಮ್ಮೆಯೂ ವರ್ಲ್ಡ್ ಸೀರೀಸ್ ಎಂಬ ವರ್ಷದ ಅಂತಿಮ ಸರಣಿಯನ್ನು ಗೆಲ್ಲದಿದ್ದ ಷಿಕಾಗೊ ಕಬ್ಸ್ ತಂಡದ ಆಡಳಿತವನ್ನು 2011ರ ಕೊನೆಯಲ್ಲಿ ಥಿಯೊ ಎಪ್‌ಸ್ಟೀನ್ ವಹಿಸಿಕೊಂಡರು. ಮರುವರ್ಷ ಆ ತಂಡ 162 ಪಂದ್ಯಗಳಲ್ಲಿ 101ನ್ನು ಸೋತಿತು. ಆದರೂ ಅವರು ಗಾಬರಿಯಿಂದ ದೊಡ್ಡ ಹೆಸರುಗಳನ್ನು ಕೊಳ್ಳಲಿಲ್ಲ. 2013ರ ಹಂಗಾಮಿಗೆ ಸ್ಕಾಟ್ ಫೆಲ್ಡ್‌ಮನ್ ಎಂಬ ಚೆಂಡೆಸೆಯುವ ಅನುಭವಿ ಪಿಚರ್‌ನನ್ನು ಒಂದೇ ವರ್ಷದ ಒಪ್ಪಂದದ ಮೇಲೆ ತಂದು, ಅವನು ಚೆನ್ನಾಗಿ ಆಡುತ್ತಿರುವಾಗಲೇ ಹಂಗಾಮಿನ ನಡುವೆ ಬಾಲ್ಟಿಮೋರ್ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಅಲ್ಲಿ ಇನ್ನೂ ನೆಲೆ ಕಾಣದಿದ್ದ ಜೇಕ್ ಅರಿಯೆಟಾನನ್ನು ಪಡೆದರು. ಅದೇ ಅರಿಯೆಟಾ 2015ರಲ್ಲಿ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದ, 2016ರಲ್ಲಿ ಕಬ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಎರಡು ಪಂದ್ಯಗಳ ಗೆಲುವು ಅವನ ಹೆಸರಿನಲ್ಲಿತ್ತು.

ಇದನ್ನು ಹಾಗೆಯೇ ನಮ್ಮಲ್ಲಿ ಮಾಡಲಾಗದು. ಅಲ್ಲಿ ಆಗ ಕೆಳಗೆ ಉಳಿದ ತಂಡಗಳಿಗೆ ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ ಮೊದಲ ಸ್ಥಾನಗಳು ಸಿಗುತ್ತಿದ್ದವು, ಹಾಗಾಗಿ ಸೋಲಿನಿಂದಲೂ ಒಂದು ಲಾಭವಿತ್ತು. ನಮ್ಮಲ್ಲಿ ಸೋಲುತ್ತಲೇ ಇರುವ ತಂಡವನ್ನು ಸಂಘಟಕರು ಕರೆಯುವುದನ್ನೇ ಬಿಡುತ್ತಾರೆ, ಊರಿನ ಹುಡುಗರು ಪಕ್ಕದ ಊರಿನ ತಂಡದ ಕಡೆಗೆ ಕಣ್ಣು ಹಾಯಿಸುತ್ತಾರೆ. ನಮಗೆ ಹೆಚ್ಚು ಹತ್ತಿರದ ಪಾಠವಿರುವುದು ಪುಣೇರಿ ಪಲ್ಟನ್ ತಂಡದಲ್ಲಿ. 2021ರ ಕೊನೆಯಲ್ಲಿ ಶುರುವಾದ ಪ್ರೊ ಕಬಡ್ಡಿಯ ಎಂಟನೆಯ ಆವೃತ್ತಿಯಲ್ಲಿ ಆ ತಂಡ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅವರಂಥ ಹೊಸ ಹುಡುಗರನ್ನು ಕಣಕ್ಕಿಳಿಸಿತು. ಅವರನ್ನು ಬಿಡದೆ ಜೊತೆಗಿಟ್ಟುಕೊಂಡು, ಕನ್ನಡಿಗರಾದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಫೈನಲ್ ತಲುಪಿ ಸೋತಿತು. ಅದಾದ ಮೇಲೆ ಅವರು ಇನ್ನೂ ದೊಡ್ಡ ದುಡ್ಡು ಹಾಕಿ, 2.35 ಕೋಟಿ ರೂಪಾಯಿಗೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ಕೊಂಡರು. 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಗೆದ್ದು ಪ್ರಶಸ್ತಿ ಪಡೆದರು. ಮೊದಲು ಮನೆಯ ಹುಡುಗರು ಬೆಳೆದರು, ಕೊನೆಯ ಒಂದು ಕೊರತೆಯನ್ನು ಹಣ ತುಂಬಿತು. ಹಳ್ಳಿಯ ಸಂಘದ ಸಣ್ಣ ಗಂಟಿಗೂ ಇದೇ ಕ್ರಮ ಸರಿ.

ತೂಕದ ಲೆಕ್ಕವನ್ನು ಮರೆಯಬೇಡಿ

ಪುರುಷರ ಹಿರಿಯರ ವಿಭಾಗಕ್ಕೆ ಭಾರತದ ಕಬಡ್ಡಿ ಫೆಡರೇಶನ್ನಿನ ಮಿತಿ 85 ಕೆಜಿ. ಆದರೆ ನಮ್ಮ ಭಾಗದ ಹಲವು ಪಂದ್ಯಾವಳಿಗಳು 55 ಅಥವಾ 65 ಕೆಜಿ ವಿಭಾಗಗಳಲ್ಲಿ ನಡೆಯುತ್ತವೆ. ಹೊಸ ತಂಡ ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಇಂದು ಹದಿನಾರು ವರ್ಷದ, 58 ಕೆಜಿ ತೂಗುವ ಎತ್ತರದ ಹುಡುಗನನ್ನು 65 ಕೆಜಿ ತಂಡದ ಭವಿಷ್ಯವೆಂದು ನೀವು ಭಾವಿಸಿದರೆ, ನೀವು ಗೆಲ್ಲಬೇಕೆಂದ ವರ್ಷದಲ್ಲಿ ಅವನು ಆ ವಿಭಾಗವನ್ನೇ ಮೀರಿ ಬೆಳೆದಿರಬಹುದು. ಅಣ್ಣಂದಿರ, ತಂದೆಯ ಮೈಕಟ್ಟನ್ನು ನೋಡಿದರೆ ಇದರ ಸುಳಿವು ಸಿಗುತ್ತದೆ. ಹಾಗಾಗಿ ಹಾಳೆಯಲ್ಲಿ ಇನ್ನೊಂದು ಕಲಂ ಸೇರಿಸಿ: ಈ ಹುಡುಗ ನಮ್ಮ ವಿಭಾಗದಲ್ಲಿ ಇನ್ನೆಷ್ಟು ವರ್ಷ ಆಡಬಲ್ಲ? ಒಂದೇ ವರ್ಷ ಉಳಿದವರು ನಾಲ್ವರಿದ್ದರೆ ಅವರ ಜಾಗಕ್ಕೆ ಬರುವವರನ್ನು ಇದೇ ಮಳೆಗಾಲದಲ್ಲಿ ಹುಡುಕಬೇಕು, ಇಲ್ಲವೇ ತಂಡವನ್ನೇ ತೆರೆದ ವಿಭಾಗದ ಕಡೆಗೆ ಒಯ್ಯಲು ಈಗಲೇ ನಿರ್ಧರಿಸಬೇಕು. ಊಟ ನೀರು ಬಿಟ್ಟು, ಬಿಸಿಲಲ್ಲಿ ಓಡಿಸಿ ಹುಡುಗನನ್ನು 65ಕ್ಕೆ ಇಳಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಹಾಗೆ ಇಳಿದವನು ಮೊದಲ ಪಂದ್ಯದ ಎರಡನೆಯ ಅರ್ಧದಲ್ಲೇ ಸ್ನಾಯು ಸೆಳೆತದಿಂದ ಕುಸಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವನ ತಾಯಿಗೆ ನಾವು ಕೊಡಬಹುದಾದ ಉತ್ತರ ಯಾವುದೂ ಇರಲಿಲ್ಲ.

ಹಿರಿಯ ಆಟಗಾರನೊಡನೆ ಮಾತು

ಈ ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಾದ ಭಾಗ ಇದು. ಹನ್ನೆರಡು ಹದಿನೈದು ವರ್ಷ ಊರಿನ ಹೆಸರಿಗಾಗಿ ಮೊಣಕಾಲು ಸವೆಸಿದವನಿಗೆ ಅವನ ಜಾಗ ಇನ್ನೊಬ್ಬನದಾಗುತ್ತಿದೆ ಎಂದು ತಿಳಿಸಬೇಕಾಗುತ್ತದೆ. ಒಮ್ಮೆ ನಮ್ಮ ಮಂಡಳಿ ಈ ಮಾತನ್ನು ಆಡದೆಯೇ ಹೊಸ ಪಟ್ಟಿಯನ್ನು ಮೊಬೈಲಿನಲ್ಲಿ ಹಂಚಿಬಿಟ್ಟಿತು. ತನ್ನ ಹೆಸರಿಲ್ಲದ್ದನ್ನು ಆ ಹಿರಿಯ ಆಟಗಾರ ಬೇರೆಯವರ ಬಾಯಿಂದ ಕೇಳಿದ. ಮರುವಾರವೇ ಅವನೂ ಅವನ ಮೂವರು ದಾಯಾದಿ ಹುಡುಗರೂ ಪಕ್ಕದ ಊರಿಗೆ ಆಡಲು ಹೋದರು, ಆ ಮೂವರಲ್ಲಿ ಇಬ್ಬರು ನಮ್ಮ ಹಾಳೆಯ ಅತಿ ಒಳ್ಳೆಯ ಎಳೆಯ ಹೆಸರುಗಳಾಗಿದ್ದವು.

ಅಧ್ಯಕ್ಷರೋ ಕಾರ್ಯದರ್ಶಿಯೋ, ಅವನಿಗಿಂತ ಹಿರಿಯರಾದ ಒಬ್ಬರು ಅವನ ಮನೆಗೇ ಹೋಗಿ, ಪಟ್ಟಿ ತಯಾರಾಗುವ ಮೊದಲೇ ಕುಳಿತು ಮಾತಾಡಬೇಕು. "ತಮ್ಮಾ, ಬರೋ ವರ್ಷ ನೀ ಅರ್ಧ ಆಟ ಆಡು, ಇನ್ನರ್ಧ ಆ ಹುಡುಗಗ ಕಾರ್ನರ್ ಕಲಸು" ಎಂದು ನೇರವಾಗಿ ಹೇಳಿದರೆ ಬಹುಪಾಲು ಆಟಗಾರರು ಒಪ್ಪುತ್ತಾರೆ. ಆ್ಯಂಕಲ್ ಹೋಲ್ಡ್ (ದಾಳಿಗಾರನ ಪಾದದ ಗಂಟು ಹಿಡಿಯುವುದು) ಹಾಕಲು ಯಾವ ಕ್ಷಣದವರೆಗೆ ಕಾಯಬೇಕು, ಕವರ್‌ನವನು ಬರುವ ಮೊದಲು ಎಷ್ಟು ಹೊತ್ತು ಹಿಡಿದು ನಿಲ್ಲಬೇಕು ಎಂಬುದನ್ನು ಕಲಿಸಲು ಅವನಿಗಿಂತ ತಕ್ಕವರು ಊರಿನಲ್ಲಿ ಯಾರಿದ್ದಾರೆ? ಹನ್ನೆರಡು ಜನರ ತಂಡದಲ್ಲಿ ಇಂಥ ಇಬ್ಬರಿಗೆ ಜಾಗವಿರಲಿ, ಅದಕ್ಕಿಂತ ಹೆಚ್ಚು ಬೇಡ.

ಹುಡುಗರನ್ನು ಹುಡುಕುವುದು

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಶಾಲೆಗಳ ವಲಯ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುತ್ತವೆ. ಮಂಡಳಿಯ ಇಬ್ಬರು ಅಲ್ಲಿಗೆ ತಪ್ಪದೆ ಹೋಗಬೇಕು, ಒಬ್ಬನನ್ನು ಕನಿಷ್ಠ ಎರಡು ಪಂದ್ಯಗಳಲ್ಲಿ ನೋಡಬೇಕು. ಹೆಚ್ಚು ಅಂಕ ತಂದವನ ಹಿಂದೆ ಎಲ್ಲರೂ ಓಡುತ್ತಾರೆ. ನೀವು ಬೇರೆಯದನ್ನು ಗಮನಿಸಿ. ದಾಳಿಯಿಂದ ಹಿಂದಿರುಗುವಾಗ ಹುಡುಗ ಬೆನ್ನು ತಿರುಗಿಸುತ್ತಾನೆಯೇ, ಎದುರಾಳಿಗಳನ್ನು ನೋಡುತ್ತಲೇ ಹಿಂದಕ್ಕೆ ಸರಿಯುತ್ತಾನೆಯೇ? ರಕ್ಷಣೆಯಲ್ಲಿ ಕೈ ಕೈ ಹಿಡಿದು ಚೈನ್ ಕಟ್ಟಿದಾಗ ಪಕ್ಕದವನೊಡನೆ ಮಾತಾಡುತ್ತಾನೆಯೇ? ಆರು ಅಥವಾ ಏಳು ಜನ ಎದುರಿಗಿರುವಾಗ ಮಾತ್ರ ಬೋನಸ್ ಗೆರೆ ದಾಟಿದ್ದಕ್ಕೆ ಹೆಚ್ಚುವರಿ ಅಂಕ ಸಿಗುತ್ತದೆಂಬ ಎಚ್ಚರ ಅವನ ಕಾಲುಗಳಲ್ಲಿದೆಯೇ? ತಂಡದಲ್ಲಿ ಮೂವರೇ ಉಳಿದಾಗ ಅವನ ಮುಖ ಹೇಗಿರುತ್ತದೆ? ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ, ಆಗಲೂ ಮುಂದೆ ನುಗ್ಗುವ ಹುಡುಗನ ಹೆಸರನ್ನು ಬರೆದುಕೊಳ್ಳಿ.

ಶಾಲೆಯ ದೈಹಿಕ ಶಿಕ್ಷಕರೊಡನೆ ಮೊದಲು ಮಾತಾಡಿ, ಆಮೇಲೆ ಮನೆಯವರೊಡನೆ. ಓದು ಬಿಡಿಸಿ ಯಾರನ್ನೂ ತರಬೇಡಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಕ್ಕೆ ನಿಮ್ಮ ಹುಡುಗ ಆಯ್ಕೆಯಾದರೆ ಅವನನ್ನು ಸಂತೋಷದಿಂದ ಕಳಿಸಿಕೊಡಿ, ರಜೆಗೆ ಬಂದಾಗ ಅವನು ಉಳಿದವರಿಗೆ ಕಲಿಸುವುದು ಬಹಳಷ್ಟಿರುತ್ತದೆ.

ಹಣ, ನೆಲ, ಮೈ

ಹೊರಗಿನ ಆಟಗಾರರಿಗೆ ಕೊಡುವ ಹಣಕ್ಕೆ ಮಿತಿ ಹಾಕಿ. ನನ್ನ ಅಭಿಪ್ರಾಯದಲ್ಲಿ, ನೀವು ಗೊತ್ತುಮಾಡಿದ ವರ್ಷ ಬರುವವರೆಗೆ ಹತ್ತು ರೂಪಾಯಿಯಲ್ಲಿ ಎರಡಕ್ಕಿಂತ ಹೆಚ್ಚು ಅದಕ್ಕೆ ಹೋಗಬಾರದು. ಉಳಿದದ್ದು ಹುಡುಗರ ಹಾಲು ಮೊಟ್ಟೆಗೆ, ಬೂಟುಗಳಿಗೆ, ಪ್ರಯಾಣಕ್ಕೆ, ಮತ್ತು ಅಂಕಣಕ್ಕೆ. ನಮ್ಮ ಎರೆಮಣ್ಣು ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುತ್ತದೆ. ಎರಡೂ ಮೊಣಕಾಲಿಗೆ ಕೇಡು. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದ ಮೇಲ್ಪದರ ತೆಗೆದು, ಜರಡಿ ಹಿಡಿದ ಮಸಾರಿ ಮಣ್ಣಿಗೆ ಕಟ್ಟಿಗೆಯ ಹೊಟ್ಟು ಬೆರೆಸಿ ಹಾಸಿ, ನೀರು ನಿಲ್ಲದಂತೆ ಸುತ್ತ ಕಾಲುವೆ ತೋಡಿ. ದೊಡ್ಡ ಪಂದ್ಯಾವಳಿಗಳು ಈಗ ಮ್ಯಾಟಿನ ಮೇಲೆ ನಡೆಯುವುದರಿಂದ, ತಿಂಗಳಿಗೆ ಒಂದೆರಡು ಸಲವಾದರೂ ಮ್ಯಾಟ್ ಇರುವ ಕಡೆ ಹುಡುಗರನ್ನು ಕರೆದೊಯ್ಯಿರಿ. ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತ ತಿರುವನ್ನು ಬೂಟು ಹಾಕಿ ಮ್ಯಾಟಿನ ಮೇಲೆ ಒಮ್ಮೆಲೇ ಮಾಡಹೋದರೆ ಮೊಣಕಾಲು ತಿರುಚಿಕೊಳ್ಳುತ್ತದೆ.

ಗಾಯಗೊಂಡವರಿಗೆ ಮಳೆಗಾಲವೇ ಚಿಕಿತ್ಸೆಯ ಕಾಲ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, ದೀಪಾವಳಿಯ ಪಂದ್ಯಕ್ಕೆ ಇಳಿಸುವ ಆತುರ ಬೇಡ. ಅವನ ಹೆಸರನ್ನು ಆ ಹಂಗಾಮಿನ ಪಟ್ಟಿಯಿಂದ ತೆಗೆದಿಡಿ, ಆದರೆ ಪ್ರತಿ ಅಭ್ಯಾಸಕ್ಕೂ ಅವನನ್ನು ಕರೆಯಿರಿ.

ಅಭ್ಯಾಸದ ಹೊತ್ತನ್ನು ಗೊತ್ತುಮಾಡುವಾಗ ಕಬ್ಬಿನ ಹಂಗಾಮನ್ನು ನೆನಪಿಡಿ. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿದ ಮೇಲೆ ಟ್ರ್ಯಾಕ್ಟರ್ ಓಡಿಸುವವರು, ಪಾಳಿ ಕೆಲಸದವರು ಸಂಜೆ ಸಿಗುವುದಿಲ್ಲ. ಆದ್ದರಿಂದ ಏಳೂ ಜನ ಒಟ್ಟಿಗೆ ನಿಂತು ಕಲಿಯಬೇಕಾದ ರಕ್ಷಣೆಯ ಅಭ್ಯಾಸವನ್ನೆಲ್ಲ ಅದಕ್ಕೂ ಮೊದಲೇ ಮುಗಿಸಿಕೊಳ್ಳಬೇಕು. ದಾಳಿಯನ್ನು ಒಬ್ಬೊಬ್ಬನೇ ಬೆಳಿಗ್ಗೆ ಬಂದು ಕಲಿಯಬಹುದು.

ಪಂದ್ಯಾವಳಿಗಳ ಆಯ್ಕೆ ಮತ್ತು ಊರಿಗೆ ಲೆಕ್ಕ

ಮೊದಲ ವರ್ಷ ಹತ್ತಿರದ ನಾಲ್ಕೈದು ಪಂದ್ಯಾವಳಿಗಳು ಸಾಕು. ಸಾಂಗಲಿ, ಕೊಲ್ಹಾಪುರದ ಬಲಿಷ್ಠ ತಂಡಗಳು ಬರುವ ದೊಡ್ಡ ಬಹುಮಾನದ ಕೂಟಗಳಿಗೆ ಹುಡುಗರನ್ನು ಈಗಲೇ ಒಯ್ದು, ಮೇಲಿಂದ ಮೇಲೆ ಆಲ್‌ಔಟ್ ಆಗುವುದನ್ನು ಅವರಿಗೆ ರೂಢಿ ಮಾಡಿಸಬಾರದು. ಒಂದೆರಡು ಸುತ್ತನ್ನಾದರೂ ಗೆಲ್ಲಬಹುದಾದ ಕಡೆಗೆ ಹೋಗಿ, ಎರಡನೆಯ ವರ್ಷ ಒಂದು ಮೆಟ್ಟಿಲು ಏರಿ.

ಮಹಾನವಮಿಗೆ ಮೊದಲು ದೇವಸ್ಥಾನದ ಕಟ್ಟೆಯ ಮೇಲೆ ಊರಿನ ಸಭೆ ಕರೆದು, ಹಿಂದಿನ ವರ್ಷದ ಖರ್ಚುವೆಚ್ಚವನ್ನು ಓದಿ ಹೇಳಿ. ಈ ವರ್ಷ ಕಪ್ ಬರುವ ಸಂಭವ ಕಡಿಮೆ, ಯಾವ ವರ್ಷಕ್ಕೆ ಸಿದ್ಧತೆ ನಡೆದಿದೆ, ಅದಕ್ಕಾಗಿ ಯಾರನ್ನು ಬೆಳೆಸುತ್ತಿದ್ದೇವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ವಂತಿಗೆ ಕೊಡುವವರಿಗೆ ಇದು ಮೊದಲೇ ಗೊತ್ತಿದ್ದರೆ ಮೊದಲ ಸೋಲಿನ ರಾತ್ರಿ ಯಾರೂ ಹುಡುಗರ ಮನೆಯ ಮುಂದೆ ನಿಂತು ಕೂಗಾಡುವುದಿಲ್ಲ. ಅನಂತರ ದೀಪಾವಳಿಯ ಮೊದಲ ಪಂದ್ಯ ಆಡಿ ಬಂದ ಮರುದಿನವೇ ಆ ಹಾಳೆಯನ್ನು ಮತ್ತೆ ತೆರೆದು, ಪ್ರತಿಯೊಬ್ಬ ಎಳೆಯ ಆಟಗಾರ ಎಷ್ಟು ನಿಮಿಷ ಅಂಕಣದಲ್ಲಿದ್ದ ಎಂಬುದನ್ನು ಅವನ ಹೆಸರಿನ ಮುಂದೆ ಬರೆಯಿರಿ.